ಸಂತೋಷದ ಪಾಲು: ತುರ್ವಿಹಾಳ ಸೀಮೆಯ ಕ್ರೈಸ್ತ ಸಭೆಗಳಲ್ಲಿ ಸುಖದುಃಖ



ಇನ್ನೊಬ್ಬರ ಸುಖದುಃಖದಲ್ಲಿ ಪಾಲುಗೊಳ್ಳಬೇಕು ಎಂದು ಹೇಳದ ಧರ್ಮವಿಲ್ಲ. ಅದನ್ನೇ ಮತ್ತೊಮ್ಮೆ ಹೇಳಿ ನಿಮ್ಮ ಸಂಜೆಯನ್ನು ಕಳೆಯುವ ಇಚ್ಛೆ ನನಗಿಲ್ಲ. ಪಾಲು ಅಂದಮೇಲೆ ಅದಕ್ಕೊಂದು ಲೆಕ್ಕವಿರುತ್ತದೆ, ಹಂಚುವ ಕೈ ಇರುತ್ತದೆ, ಪಾಲು ಸಿಗದೆ ಗೊಣಗುವವರೂ ಇರುತ್ತಾರೆ. ತುರ್ವಿಹಾಳದ ಸುತ್ತಮುತ್ತ, ಅಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಕ್ರೈಸ್ತ ಸಭೆಗಳಲ್ಲಿ ಈ ಹಂಚಿಕೆ ಯಾವ ಬಗೆಯಲ್ಲಿ ನಡೆಯುತ್ತದೆ ಎಂಬುದಷ್ಟೇ ಇವತ್ತಿನ ವಿಷಯ. ದೇವಶಾಸ್ತ್ರ ಬಲ್ಲವರು ಇಲ್ಲಿ ಕೂತಿದ್ದೀರಿ, ಆ ಭಾಗವನ್ನು ನಿಮಗೇ ಬಿಡುತ್ತೇನೆ.

ಆದರೂ ಒಂದು ವಚನದಿಂದಲೇ ಹೊರಡಬೇಕು. ಪೌಲನು ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯ, 15ನೇ ವಚನ. ನಗುವವರ ಸಂಗಡ ನಗುವುದು, ಅಳುವವರ ಸಂಗಡ ಅಳುವುದು, ಎರಡನ್ನೂ ಅಲ್ಲಿ ಜೋಡಿಯಾಗಿ ಇಟ್ಟಿದ್ದಾನೆ. ನಾವು ಮಾತ್ರ ಪ್ರಸಂಗದಲ್ಲಿ ಅಳುವಿನ ಅರ್ಧಕ್ಕೆ ಬೇಗ ಜಾರಿಬಿಡುತ್ತೇವೆ. ಪೌಲ ಸಂತೋಷವನ್ನು ಮೊದಲು ಹೇಳಿದ್ದಾನೆ. ನಾಲ್ಕನೇ ಶತಮಾನದ ಕೊನೆಗೆ ಅಂತಿಯೋಕ್ಯದಲ್ಲಿ ಬೋಧಿಸುತ್ತಿದ್ದ ಯೋಹಾನ ಕ್ರಿಸೊಸ್ತೊಮ್ ಈ ಕ್ರಮವನ್ನು ಗಮನಿಸಿದ. ಅಳುವವರನ್ನು ಕಂಡರೆ ಕಲ್ಲೆದೆಯವನಿಗೂ ಕಣ್ಣು ತುಂಬುತ್ತದೆ, ನೆರೆಯವನ ಏಳಿಗೆ ಕಂಡು ಹೊಟ್ಟೆಕಿಚ್ಚಿಲ್ಲದೆ ಖುಷಿಪಡುವುದಕ್ಕೆ ಮಾತ್ರ ದೊಡ್ಡ ಮನಸ್ಸು ಬೇಕು ಎಂಬರ್ಥದ ವಿವರಣೆ ಕೊಟ್ಟ. ನಮ್ಮ ಸೀಮೆಯ ಸಭೆಗಳ ಚರಿತ್ರೆ ನೋಡಿದರೆ ಈ ಮಾತಿಗೆ ಅವನು ಎಣಿಸದ ಇನ್ನೊಂದು ಅರ್ಥವೂ ಹುಟ್ಟುತ್ತದೆ. ಕೆಲವರಿಗೆ ಸಂತೋಷಪಡುವ ಅಧಿಕಾರವೇ ಇರಲಿಲ್ಲ. ಅವರು ಸಭೆಯೊಳಗೆ ಮೊದಲು ಗಳಿಸಿದ್ದು ಸಾಂತ್ವನಕ್ಕಿಂತ ಹೆಚ್ಚಾಗಿ ಸಂತೋಷವನ್ನು ಎಂಬುದು ನನ್ನ ತಿಳುವಳಿಕೆ.

ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಕ್ರೈಸ್ತರು ನಿನ್ನೆ ಮೊನ್ನೆಯವರಲ್ಲ. ಮುದಗಲ್ಲಿನ ಕ್ಯಾಥೊಲಿಕ್ ಸಭೆ ಆದಿಲ್‌ಶಾಹಿ ಅರಸರ ಕಾಲದ್ದು, ಗೋವೆಯ ಕಡೆಯಿಂದ ಬಂದ ಪಾದ್ರಿಗಳು ಕಟ್ಟಿದ್ದು. ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತ. ನಿಜಾಮನ ರಾಯಚೂರಿಗೆ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಮೆಥೊಡಿಸ್ಟರು ಬಂದರು. ಇವತ್ತು ಹಳ್ಳಿಹಳ್ಳಿಯಲ್ಲಿ ತಗಡಿನ ಮಾಡಿನ ಕೆಳಗೆ ಸೇರುವ ಸ್ವತಂತ್ರ ಸಭೆಗಳು ತೀರ ಈಚಿನವು. ಈ ಮೆಥೊಡಿಸ್ಟ್ ಮತ್ತು ಸ್ವತಂತ್ರ ಸಭೆಗಳಿಗೆ ಬಂದ ಕುಟುಂಬಗಳಲ್ಲಿ ದೊಡ್ಡ ಪಾಲು ಮಾದಿಗರ ಕೇರಿಯವು. ಇದನ್ನು ಮುಚ್ಚಿಟ್ಟು ಸಭೆಯ ಸುಖದುಃಖದ ಮಾತಾಡಿದರೆ ಅದು ಅರ್ಧ ಮಾತು.

ಊರಿನ ಸುಖದುಃಖಕ್ಕೂ ಆ ಕೇರಿಗೂ ಏನು ಸಂಬಂಧವಿತ್ತು, ನೆನಪು ಮಾಡಿಕೊಳ್ಳಿ. ಊರಗೌಡರ ಮನೆಯ ಮದುವೆಗೆ ಹಲಗೆ ಬಾರಿಸಿದವರು ಅವರು. ಜಾತ್ರೆಗೆ, ಹೆಣದ ಮುಂದೆ ಹಲಗೆ ಬಾರಿಸಿದವರೂ ಅವರೇ. ಯಾರಾದರೂ ತೀರಿಕೊಂಡರೆ ಆ ಸುದ್ದಿಯನ್ನು ಹೊತ್ತು, ಬಿಸಿಲಿರಲಿ ಮಳೆಯಿರಲಿ, ಬೀಗರ ಊರಿಗೆ ನಡೆದು ಮುಟ್ಟಿಸುವುದು ಅವರ ಪಾಲಿನ ಬಿಟ್ಟಿ ಚಾಕರಿ. ಊರಿನ ನಗು, ಊರಿನ ಅಳು ಎರಡೂ ಅವರ ಕೈಯಿಂದಲೇ ಸಪ್ಪಳವಾಗಿ ಹೊರಟವು. ಅವರ ಮನೆಯ ಮದುವೆಗೆ ಮಾತ್ರ ಊರ ನಡುವಿನ ಹಾದಿ ಇರಲಿಲ್ಲ. ಮದುಮಗ ಕುದುರೆ ಏರಿದರೆ, ಹೊಸ ಅಂಗಿ ತೊಟ್ಟರೆ ಗದ್ದಲ. ದುಃಖವನ್ನು ಊರು ಸಹಿಸುತ್ತಿತ್ತು, ದೂರದಲ್ಲಿ ನಿಂತು ‘ಪಾಪ’ ಅನ್ನುತ್ತಲೂ ಇತ್ತು. ಅವರು ಎದುರಿಗೇ ಸಂತೋಷಪಟ್ಟರೆ ಅದು ಸೊಕ್ಕು ಅನ್ನಿಸಿಕೊಳ್ಳುತ್ತಿತ್ತು.

ಇಂಥ ಮನೆಯ ಮೇಲೆ ಡಿಸೆಂಬರಿನಲ್ಲಿ ಒಂದು ಕಾಗದದ ನಕ್ಷತ್ರ ತೂಗಾಡಿದ್ದು ಸಣ್ಣ ಸಂಗತಿಯಲ್ಲ. ಕ್ರಿಸ್‌ಮಸ್ಸಿಗೆ ಮನೆಮಂದಿಯೆಲ್ಲ ಹೊಸ ಬಟ್ಟೆ ಉಟ್ಟು, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು, ಹಾಡುತ್ತ ಬೀದಿಯಲ್ಲಿ ಹೋಗುವುದು; ಮಗುವಿಗೆ ಹೆಸರಿಡುವುದನ್ನು ನೂರು ಜನರ ಎದುರು ಮಾಡುವುದು; ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯ ಹೆಸರನ್ನು ಪ್ರಕಟಣೆಯಲ್ಲಿ ಓದಿ ಎಲ್ಲರೂ ಚಪ್ಪಾಳೆ ತಟ್ಟುವುದು. ಒಳಗಿನವರಿಗೆ ಇವು ವಾರವಾರದ ರೂಢಿ. ಆದರೆ ಆ ಹುಡುಗಿಯ ಅಜ್ಜಿಯ ಹೆಸರನ್ನು ಊರಲ್ಲಿ ಯಾರೂ ಪೂರ್ತಿಯಾಗಿ ಕರೆದಿರಲಿಲ್ಲ. ಇದೇ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ, ಧರ್ಮದ ಫಲ ದೊಡ್ಡವರಿಗೆ ಮಾತ್ರ ಅಂದುಕೊಳ್ಳಬೇಡಿ, ಸಣ್ಣವರಿಗೂ ಉಂಟು ಎಂಬ ಅರ್ಥದ ಮಾತನ್ನು ಬಂಡೆಯ ಮೇಲೆ ಬರೆದಿಟ್ಟು ಎರಡು ಸಾವಿರ ವರ್ಷ ದಾಟಿದೆ. ಬಂಡೆಯಿಂದ ಕೇರಿಗೆ ಇಳಿಯಲು ಆ ಮಾತಿಗೆ ಬಹಳ ಹೊತ್ತು ಹಿಡಿಯಿತು.

ಒಂದು ಆಕ್ಷೇಪವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅನೇಕ ಸಭೆಗಳಲ್ಲಿ ಹಲಗೆ ಒಳಗೆ ಬರಲಿಲ್ಲ. ತಬಲಾ ಬಂತು, ಢೋಲಕ್ ಬಂತು, ಈಗ ಕೀಬೋರ್ಡು ಮತ್ತು ಪ್ಯಾಡು ಬಂದಿವೆ, ತೆಲುಗು ಕ್ರೈಸ್ತ ಹಾಡುಗಳ ಧಾಟಿಗೆ ಕನ್ನಡ ಮಾತು ಕೂಡಿಸಿ ಹಾಡುತ್ತಾರೆ. ಹಲಗೆ ಎಂದರೆ ಬಿಟ್ಟಿ ಚಾಕರಿಯ ಗುರುತು, ಅದನ್ನು ಬಿಟ್ಟದ್ದೇ ಬಿಡುಗಡೆ ಎನ್ನುವ ಹಿರಿಯರ ಮಾತಿನಲ್ಲಿ ನ್ಯಾಯವಿದೆ. ಆದರೆ ಬೇರೆಯವರ ಸಂತೋಷಕ್ಕೆ ಮಾತ್ರ ಬಾರಿಸಿದ ಚರ್ಮವಾದ್ಯವನ್ನು ತಮ್ಮ ಸಂತೋಷಕ್ಕೆ ಒಮ್ಮೆಯಾದರೂ ಬಾರಿಸಬೇಡವೇ ಎಂದು ನನಗೆ ಅನ್ನಿಸುತ್ತದೆ.

ಇನ್ನು ದುಃಖ. ಭಾನುವಾರದ ಆರಾಧನೆಯಲ್ಲಿ ಪ್ರಸಂಗಕ್ಕಿಂತ ಹೆಚ್ಚು ಕಿವಿಗೊಟ್ಟು ಕೇಳುವ ಭಾಗ ಯಾವುದು ಅಂತ ಹೆಂಗಸರನ್ನು ಕೇಳಿ. ಪ್ರಾರ್ಥನಾ ವಿಜ್ಞಾಪನೆ ಅನ್ನುತ್ತಾರೆ. ಪಾಸ್ಟರು ‘ಯಾರಿಗಾದ್ರೂ ಪ್ರಾರ್ಥನಾ ವಿಷಯ ಇದ್ರ ಹೇಳ್ರಿ’ ಅಂದಾಗ ಮೊದಲು ಒಂದು ನಿಮಿಷ ಯಾರೂ ಬಾಯಿ ಬಿಡುವುದಿಲ್ಲ. ಆಮೇಲೆ ಚಾಪೆಯ ಹಿಂದಿನ ಸಾಲಿನಿಂದ ಒಬ್ಬಾಕೆ, ಸೆರಗು ತಲೆ ಮೇಲೆ ಎಳೆದುಕೊಂಡು, ಮೊಣಕಾಲಿಗೆ ಕೈ ಊರಿ ಏಳುತ್ತಾಳೆ. ‘ನಮ್ಮ ಹುಡುಗ ಬೆಂಗಳೂರಾಗ ಅದಾನ್ರಿ. ಗುಳೇ ಹೋಗಿ ಮೂರು ತಿಂಗಳಾತು. ಫೋನ್ ಹಚ್ಚಿದ್ರ ಎತ್ತವಲ್ಲ. ಅವನ ಸಲುವಾಗಿ ಪ್ರಾರ್ಥನಾ ಮಾಡ್ರಿ.’ ಅಷ್ಟೇ. ಕೂರುತ್ತಾಳೆ. ಪಕ್ಕದಾಕೆ ಆಕೆಯ ಬೆನ್ನ ಮೇಲೆ ಕೈ ಇಡುತ್ತಾಳೆ. ಹುಡುಗನ ಹೆಸರು ಹಿಡಿದು ಪ್ರಾರ್ಥನೆ ನಡೆಯುತ್ತದೆ, ಎಲ್ಲರೂ ‘ಆಮೆನ್’ ಅನ್ನುತ್ತಾರೆ. ಆರಾಧನೆ ಮುಗಿದ ಮೇಲೆ ಚಪ್ಪಲಿ ಹುಡುಕುವ ಗದ್ದಲದ ನಡುವೆ ಇನ್ನೊಬ್ಬ ಬಂದು ‘ಯಕ್ಕಾ, ಅವನ ನಂಬರ್ ಕೊಡು, ನಮ್ಮ ಅಳಿಯ ಅದೇ ಕಡೆ ಗಾರೆ ಕೆಲಸ ಮಾಡ್ತಾನ, ಹೋಗಿ ನೋಡಿ ಬಾ ಅಂತ ಹೇಳ್ತೀನಿ’ ಅನ್ನುತ್ತಾನೆ. ಪ್ರಾರ್ಥನೆಗೆ ಉತ್ತರ ಸಿಕ್ಕಿತೋ ಇಲ್ಲವೋ, ಹುಡುಗನ ವಿಳಾಸ ಸಿಕ್ಕುವ ಹಾದಿ ಇದು.

ಈ ಹಾದಿ ತಾನಾಗಿ ಬೆಳೆದುಬಂದದ್ದಲ್ಲ. ಅಪೊಸ್ತಲರ ಕೃತ್ಯಗಳ 4ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆ ಎಲ್ಲವನ್ನೂ ಹಂಚಿಕೊಂಡು ಬದುಕಿದ ವರ್ಣನೆ ಇದೆ. ಅದನ್ನು ಎಲ್ಲರೂ ಓದುತ್ತಾರೆ. ಎರಡೇ ಅಧ್ಯಾಯ ದಾಟಿದರೆ ಜಗಳ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಕಡಿಮೆಯಾಗುತ್ತಿದೆ ಎಂಬ ದೂರು. ಅದಕ್ಕಾಗಿ ಏಳು ಜನರನ್ನು ಆರಿಸಿ ಆ ಕೆಲಸಕ್ಕೇ ನೇಮಿಸಬೇಕಾಯಿತು. ಸಭೆಯ ಮೊದಲ ವ್ಯವಸ್ಥೆ ಹುಟ್ಟಿದ್ದೇ ಪಾಲು ಸರಿಯಿಲ್ಲ ಎಂಬ ಗೊಣಗಾಟದಿಂದ.

ನಮ್ಮ ಮೆಥೊಡಿಸ್ಟರ ಕಥೆ ಇನ್ನೂ ಸ್ವಾರಸ್ಯದ್ದು. 1742ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯ ಬಳಗದವರು ಪ್ರಾರ್ಥನಾ ಮಂದಿರದ ಮೇಲಿದ್ದ ಸಾಲ ತೀರಿಸುವುದು ಹೇಗೆಂದು ತಲೆ ಕೆಡಿಸಿಕೊಂಡು ಕೂತಿದ್ದರು. ಕ್ಯಾಪ್ಟನ್ ಫಾಯ್ ಎಂಬೊಬ್ಬ ಒಂದು ಉಪಾಯ ಹೇಳಿದ: ತಲೆಗೆ ವಾರಕ್ಕೊಂದು ಪೆನ್ನಿ ಎತ್ತೋಣ, ಹನ್ನೆರಡು ಜನರಿಗೆ ಒಬ್ಬನನ್ನು ಮುಖಂಡನಾಗಿ ಮಾಡೋಣ, ಕೊಡಲಾಗದವರ ಪೆನ್ನಿಯನ್ನು ನಾನೇ ತುಂಬುತ್ತೇನೆ. ಮುಖಂಡರು ಮನೆಮನೆಗೆ ಪೆನ್ನಿ ಕೇಳಲು ಹೋದರು. ಹೋದಲ್ಲಿ ಒಬ್ಬ ಕುಡಿದು ಬಿದ್ದಿದ್ದ, ಇನ್ನೊಂದು ಮನೆಯಲ್ಲಿ ಕಾಯಿಲೆ, ಮತ್ತೊಂದರಲ್ಲಿ ಗಂಡ ಹೆಂಡಿರ ಕಲಹ. ಇದೇ ತನಗೆ ಬೇಕಾಗಿದ್ದ ಏರ್ಪಾಡು ಎಂದು ವೆಸ್ಲಿಗೆ ಹೊಳೆಯಿತು. ಪೆನ್ನಿಯ ವಸೂಲಿಯೇ ಕ್ಲಾಸ್ ಮೀಟಿಂಗ್ ಆಯಿತು: ವಾರಕ್ಕೊಮ್ಮೆ ಹತ್ತು ಹನ್ನೆರಡು ಜನ ಕೂತು ಅವರವರ ಪಾಡನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕೂಟ. ಇವತ್ತಿನ ಮನೆ ಪ್ರಾರ್ಥನೆ ಅದರ ದೂರದ ಮೊಮ್ಮಗು. ದುಡ್ಡು ಕೇಳಲು ಹೋದವರಿಗೆ ದುಃಖ ಸಿಕ್ಕಿದ ಈ ಪ್ರಸಂಗ ನನಗೆ ಬಹಳ ಇಷ್ಟ. ಅದಕ್ಕೆ ಕೊನೆಗೆ ಮತ್ತೆ ಬರಬೇಕಿದೆ.

ಕರಾವಳಿಯಲ್ಲಿ ಈ ಹಂಚಿಕೆಯ ರೂಪ ಬೇರೆ. ಮಂಗಳೂರಿನ ಕ್ಯಾಥೊಲಿಕರಲ್ಲಿ ಇಗರ್ಜಿಯನ್ನು ವಾಡೊಗಳಾಗಿ ಹಂಚಿ ಪ್ರತಿಯೊಂದಕ್ಕೂ ಗುರ್ಕಾರನನ್ನು ಇಡುತ್ತಾರೆ. ವಾಡೊದ ಸಾವು, ಮದುವೆ, ಕಷ್ಟ ಮೊದಲು ಅವನಿಗೆ ಗೊತ್ತಾಗಬೇಕು. ಸೆಪ್ಟೆಂಬರ್ 8ರ ಮೋಂತಿ ಹಬ್ಬಕ್ಕೆ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಮನೆಗೆ ಕೊಡುತ್ತಾರೆ, ದೂರ ಊರಿನಲ್ಲಿ ಇರುವವರಿಗೆ ಕಾಳನ್ನು ಲಕೋಟೆಯಲ್ಲಿ ಹಾಕಿ ಕಳಿಸುತ್ತಾರೆ. ಬಾಸೆಲ್ ಮಿಷನ್ನಿನವರು ಕುಲ ಬಿಟ್ಟು ಬಂದು ಅನ್ನ ಕಳೆದುಕೊಂಡವರಿಗೆ ಮಗ್ಗ ಹಾಕಿಕೊಟ್ಟರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನಮ್ಮ ಸೀಮೆಗೆ ಹೆಂಚಿನ ಕಾರ್ಖಾನೆ ಬರಲಿಲ್ಲ. ಇಲ್ಲಿ ಹಂಚಲು ಇದ್ದದ್ದು ಜೋಳ, ಸಜ್ಜಿ, ಮತ್ತು ಕೂಲಿಯಿಂದ ಬಂದ ಸಂಜೆಯ ಹೊತ್ತು.

ಹಾಗಿದ್ದ ಬಯಲಿಗೆ ಕಾಲುವೆ ಬಂತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಎದ್ದು, ಎಡದಂಡೆಯ ನೀರು ಸಿಂಧನೂರಿನ ಕರಿಮಣ್ಣಿಗೆ ಹರಿದ ಮೇಲೆ ಸುಖದುಃಖದ ನಕ್ಷೆಯೇ ಬದಲಾಯಿತು. ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು, ಜೋಳದ ಹೊಲ ಭತ್ತದ ಗದ್ದೆಯಾಯಿತು. ಒಂದೇ ಸಭೆಯಲ್ಲಿ ಕಾಲುವೆಯ ನೀರು ಹತ್ತುವ ಎರಡು ಎಕರೆಯವನೂ ಕೂತ, ಅವನ ಗದ್ದೆಯಲ್ಲಿ ನಾಟಿ ಹಚ್ಚುವ ಹೆಂಗಸೂ ಕೂತಳು, ಮಳೆಯನ್ನೇ ನಂಬಿದ ಮಸ್ಕಿ ಕಡೆಯ ಬೀಗನೂ ಕೂತ. ಎಲ್ಲರೂ ಬಡವರಾಗಿದ್ದಾಗ ಅಳು ಒಂದೇ ಧಾಟಿಯದಾಗಿತ್ತು. ಈಗ ಒಬ್ಬನ ಸುಗ್ಗಿ ಇನ್ನೊಬ್ಬಳ ಕೂಲಿ. ಕ್ರಿಸೊಸ್ತೊಮ್ ಹೇಳಿದ ಕಷ್ಟ ಆಗ ನಮ್ಮೂರಿಗೆ ಬಂತು.

ಅದಕ್ಕೆ ಸಭೆ ಕಂಡುಕೊಂಡ ಜಾಣತನ ಬೆಳೆ ಹಬ್ಬದ ಹರಾಜು. ನೋಡದವರಿಗಾಗಿ ಹೇಳುತ್ತೇನೆ. ಸುಗ್ಗಿ ಮುಗಿದ ಮೇಲೊಂದು ಭಾನುವಾರ ಪ್ರತಿ ಮನೆಯವರೂ ಏನಾದರೂ ತಂದು ವೇದಿಕೆಯ ಮುಂದೆ ಇಡುತ್ತಾರೆ. ಭತ್ತದ ಚೀಲ, ಸೇರು ತೊಗರಿ, ಕುಂಬಳಕಾಯಿ, ಕಾಲು ಕಟ್ಟಿದ ಜವಾರಿ ಕೋಳಿ, ಒಂದು ಡಜನ್ ತತ್ತಿ, ಏನೂ ಬೆಳೆಯದವರ ಮನೆಯಿಂದ ನಾಲ್ಕು ನಿಂಬೆಹಣ್ಣು. ಆರಾಧನೆಯ ನಡುವೆ ಕೋಳಿ ಒದರುತ್ತದೆ, ಮಕ್ಕಳು ನಗುತ್ತವೆ. ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಕೂಗುವವನಿಗೆ ಬಾಯಿ ಇರಬೇಕು, ಯಾರ ಜೇಬು ಎಷ್ಟು ಭಾರ ಎಂಬ ಅಂದಾಜೂ ಇರಬೇಕು. ಭತ್ತದ ಚೀಲ ಪೇಟೆಯ ದರದ ಹತ್ತಿರದಲ್ಲೇ ಹೋಗುತ್ತದೆ, ಅದರಲ್ಲಿ ಮಜಾ ಇಲ್ಲ. ಮಜಾ ಇರುವುದು ನಿಂಬೆಹಣ್ಣಿನಲ್ಲಿ. ‘ಇಪ್ಪತ್ತು, ಒಂದು ಸರ್ತಿ’ ಅಂತ ಶುರುವಾಗಿ ಯಾರೋ ನೂರು ಅನ್ನುತ್ತಾನೆ, ಈ ಸಲ ಬೆಳೆ ಚೆನ್ನಾಗಿ ಬಂದವನ ಕಡೆ ಎಲ್ಲರ ಕಣ್ಣು ತಿರುಗುತ್ತವೆ, ಅವನ ಹೆಂಡತಿ ಮೊಣಕೈಯಿಂದ ತಿವಿಯುತ್ತಾಳೆ, ಅವನು ಐನೂರು ಅನ್ನುತ್ತಾನೆ. ಕೊಂಡವನು ಅದನ್ನು ಮತ್ತೆ ಕಾಣಿಕೆಯಾಗಿ ವಾಪಸ್ಸು ಇಡುತ್ತಾನೆ, ಮತ್ತೆ ಹರಾಜು. ಅದೇ ನಾಲ್ಕು ನಿಂಬೆಹಣ್ಣು ಮೂರು ಸಲ ಮಾರಾಟವಾಗಿ ಭತ್ತದ ಚೀಲದ ಬೆಲೆಯನ್ನು ಮೀರಿಸುತ್ತದೆ. ತಂದಿಟ್ಟ ಹೆಂಗಸು ಬಾಯಿಗೆ ಸೆರಗು ಹಿಡಿದು ನಗುತ್ತ ನಿಂತಿರುತ್ತಾಳೆ. ಬೆಳೆ ಬಂದವನ ಸಂತೋಷಕ್ಕೆ ಇಷ್ಟು ಹಗುರವಾಗಿ ತೆರಿಗೆ ಹಾಕುವ ಉಪಾಯ ಬೇರೆಲ್ಲೂ ನನಗೆ ಕಂಡಿಲ್ಲ. ಅವನ ಮೇಲಿನ ಹೊಟ್ಟೆಕಿಚ್ಚು ಅಂಗಳದಲ್ಲೇ ನಗೆಯಾಗಿ ಕರಗುತ್ತದೆ.

ಸ್ತೋತ್ರ ಕಾಣಿಕೆಯ ಲಕೋಟೆಯೂ ಇದೇ ಕುಲದ್ದು. ಮಗಳಿಗೆ ಕೆಲಸ ಸಿಕ್ಕಿತು, ಬೋರಿಗೆ ನೀರು ಬಿತ್ತು, ಹೆರಿಗೆ ಸುಸೂತ್ರವಾಯಿತು ಎಂದು ಬರೆದು ಕೊಡುತ್ತಾರೆ, ಓದುತ್ತಾರೆ. ಆದರೆ ಸಾಕ್ಷಿ ಹೇಳುವ ಪದ್ಧತಿಯಲ್ಲಿ ಈಚೆಗೆ ಒಂದು ಕೆಡುಕು ಕಾಣುತ್ತಿದೆ. ‘ನಾನು ಪ್ರಾರ್ಥಿಸಿದೆ, ದೇವರು ಟ್ರ್ಯಾಕ್ಟರ್ ಕೊಟ್ಟ’ ಎಂಬ ಬಗೆಯ ಸಾಕ್ಷಿಗಳು ಹೆಚ್ಚಾದಂತೆ, ಅಷ್ಟೇ ಪ್ರಾರ್ಥಿಸಿಯೂ ಟ್ರ್ಯಾಕ್ಟರ್ ಬಾರದವನು ತನ್ನ ನಂಬಿಕೆಯಲ್ಲೇ ಕೊರತೆ ಇರಬೇಕೆಂದು ತಲೆ ತಗ್ಗಿಸುತ್ತಾನೆ. ಹಂಚಬೇಕಾದ ಸಂತೋಷ ಅಲ್ಲಿ ಆರೋಪವಾಗಿ ಕೂತುಕೊಳ್ಳುತ್ತದೆ. ಪಾಸ್ಟರುಗಳು ಇದನ್ನು ತಡೆಯಬೇಕು.

ಸಾವಿನ ವಿಷಯದಲ್ಲಿ ನಾವು ಊರಿಂದ ಕಲಿತದ್ದೇ ಹೆಚ್ಚು. ನಮ್ಮ ಕಡೆ ‘ಮಣ್ಣಿಗೆ ಬಂದಿದ್ದ’ ಅನ್ನುವುದು ದೊಡ್ಡ ಋಣ. ಲಿಂಗಾಯತರು ಹೂಳುತ್ತಾರೆ, ಮುಸಲ್ಮಾನರು ಹೂಳುತ್ತಾರೆ, ಕೇರಿಯವರೂ ಹೂಳುತ್ತಾರೆ. ಹಿಡಿ ಮಣ್ಣು ಹಾಕುವ ಕೈಗಳನ್ನು ಇಲ್ಲಿ ಜಾತಿ ಕೇಳಿ ತಡೆಯುವುದು ಕಡಿಮೆ. ಮುದಗಲ್ಲಿನ ಮೊಹರಂ ಎಲ್ಲರಿಗೂ ಗೊತ್ತು. ಕರ್ಬಲಾದ ದುಃಖಕ್ಕೆ ಕನ್ನಡದಲ್ಲಿ ರಿವಾಯತ್ ಪದ ಕಟ್ಟಿ ಹಾಡುವ ಹಿಂದೂಗಳಿರುವ ಸೀಮೆ ಇದು. ಪರರ ಸಾವಿಗೆ ಅಳಲು ಇಲ್ಲಿಯವರಿಗೆ ಯಾವ ಮಿಷನ್ನೂ ಕಲಿಸಬೇಕಾಗಿರಲಿಲ್ಲ. ಸಭೆ ಸೇರಿಸಿದ್ದು ಆದರಣೆಯ ಕೂಟವನ್ನು. ಹೂಳಿ ಬಂದ ಮೇಲೆ, ಬೀಗರೆಲ್ಲ ಬಸ್ಸು ಹತ್ತಿ ಹೋದ ಮೇಲೆ, ಮನೆ ಖಾಲಿಯಾದ ಆ ವಾರದಲ್ಲಿ ಸಭೆಯವರು ಚಾಪೆ ಹಾಸಿ ಕೂತು ಹಾಡುತ್ತಾರೆ, ಚಹಾ ಅವರೇ ಕಾಸುತ್ತಾರೆ. ವಿಧವೆಯ ಕೈಯಲ್ಲಿ ಸ್ವಲ್ಪ ದುಡ್ಡು ಇಟ್ಟು, ಕಾಣದ ಹಾಗೆ ಬೆರಳು ಮುಚ್ಚಿಸಿ ಹೋಗುತ್ತಾರೆ. ಹೂಳಲು ಜಾಗವೇ ತಕರಾರಾಗಿರುವ ಊರುಗಳೂ ಇವೆ, ಅಲ್ಲಿ ಹೆಣವನ್ನು ಮನೆಯಲ್ಲಿಟ್ಟುಕೊಂಡು ಕಚೇರಿಗೆ ಅರ್ಜಿ ಬರೆಯುವ ಕೆಲಸವೂ ಸಭೆಯದೇ.

ವಿಜ್ಞಾಪನೆಯಲ್ಲಿ ಎಂದೂ ಕೇಳಿಬರದ ದುಃಖವೊಂದಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸವಲತ್ತು ಕ್ರೈಸ್ತನಾದವನಿಗೆ ಇಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು, ಕ್ರೈಸ್ತರು ಹೊರಗೇ ಉಳಿದರು. ಕ್ರಿಸ್ತನನ್ನು ನಂಬಿದ ಮಾತ್ರಕ್ಕೆ ಕೇರಿ ಊರ ನಡುವಿಗೆ ಬರಲಿಲ್ಲ, ಚಹಾದಂಗಡಿಯ ಲೋಟ ಬದಲಾಗಲಿಲ್ಲ. ಹಾಗಾಗಿ ದೀಕ್ಷಾಸ್ನಾನದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಈ ಎರಡು ಹೆಸರಿನ ಬದುಕನ್ನು ಹೊರಗಿನವರು ಮೋಸ ಅನ್ನುತ್ತಾರೆ, ಒಳಗಿನ ಕೆಲವರು ನಂಬಿಕೆಯ ಕೊರತೆ ಅನ್ನುತ್ತಾರೆ. ಮಗನ ಹಾಸ್ಟೆಲ್ ಸೀಟಿಗಾಗಿ ಅರ್ಜಿ ತುಂಬುವ ತಾಯಿ ಇಬ್ಬರ ಮಾತನ್ನೂ ಕೇಳಿಸಿಕೊಂಡು ಸುಮ್ಮನಿರುತ್ತಾಳೆ. ಎಲ್ಲರ ಎದುರು ಎದ್ದು ನಿಂತು ಹೇಳುವ ಪದ್ಧತಿ ಈ ದುಃಖಕ್ಕೆ ಒದಗುವುದಿಲ್ಲ. ಗಂಡನ ಹೊಡೆತಕ್ಕೂ ಒದಗುವುದಿಲ್ಲ. ವಿಜ್ಞಾಪನೆ ಸಂಜೆಯೊಳಗೆ ಓಣಿಯ ಮಾತಾಗುವ ಭಯ ಯಾವ ಸಭೆಯಲ್ಲೂ ಇಲ್ಲದಿಲ್ಲ. ಹನ್ನೆರಡು ಜನರ ಕೂಟ, ಹೆಂಗಸರದೇ ಕೂಟ, ಒಳಗಿನ ಮಾತು ಹೊರಗೆ ಹೋಗದ ಕೂಟ ಬೇಕಾಗುವುದು ಇಂಥಲ್ಲಿ.

ಮತ್ತೆ ದುಡ್ಡಿಗೆ ಬರುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆಯ ರೈತರೆಲ್ಲ ಎದೆ ಹಿಡಿದುಕೊಂಡು ಕೂತರು. ಅವರಲ್ಲಿ ಹೊಲವಿಲ್ಲದವರೂ ಇದ್ದರು, ಯಾಕೆಂದರೆ ಎರಡನೇ ಬೆಳೆ ಇಲ್ಲ ಅಂದರೆ ನಾಟಿ ಕೂಲಿಯೂ ಇಲ್ಲ, ಸಂಘದ ಸಾಲದ ವಾರದ ಕಂತು ಮಾತ್ರ ನಿಲ್ಲುವುದಿಲ್ಲ. ಕಿರುಸಾಲದ ವಸೂಲಿಗಾರರ ಕಾಟ ಎಷ್ಟು ಹೆಚ್ಚಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತಂದಿತು. ಪ್ರಾರ್ಥನಾ ವಿಷಯಗಳಲ್ಲಿ ‘ಸಾಲ ಬಾಧೆ’ ಎಂಬ ಮಾತು ಈಗ ಕಾಯಿಲೆಯಷ್ಟೇ ಸಲ ಕೇಳುತ್ತದೆ. ಸಾಲಕ್ಕಾಗಿ ಪ್ರಾರ್ಥಿಸುವುದು ಸರಿ, ಅದಕ್ಕೊಂದು ದಾರಿಯನ್ನೂ ಮಾಡಬಹುದು. ವೆಸ್ಲಿ 1746ರಲ್ಲಿ ಲಂಡನ್ನಿನ ತನ್ನ ಬಡ ಸಭಿಕರಿಗಾಗಿ ಒಂದು ಕೈಸಾಲದ ನಿಧಿ ಮಾಡಿದ. ಬೇಡಿ ತಂದ ಸಣ್ಣ ಮೊತ್ತ, ಸಣ್ಣ ಸಾಲ, ಮೂರು ತಿಂಗಳಲ್ಲಿ ವಾಪಸ್ಸು. ಅಷ್ಟರಿಂದಲೇ ಬಡ್ಡಿಯವರ ಬಾಗಿಲಿಗೆ ಹೋಗದೆ ಬಹಳ ಜನ ಉಳಿದರು.

ಇಲ್ಲಿ ಕೂತಿರುವ ಸಭಾ ಸಮಿತಿಯವರ ಮುಂದೆ ನನ್ನ ಬೇಡಿಕೆ ಇಷ್ಟೇ. ಬೆಳೆ ಹಬ್ಬದ ಹರಾಜಿನ ದುಡ್ಡು ಈಗ ಹೆಚ್ಚಾಗಿ ಗೋಡೆಗೆ ಬಣ್ಣ, ಮೈಕ್‌ಸೆಟ್ಟು, ಕಾಂಪೌಂಡಿಗೆ ಹೋಗುತ್ತದೆ. ಅದರಲ್ಲಿ ಕಾಲು ಭಾಗವನ್ನು ತೆಗೆದು ಬಡ್ಡಿಯಿಲ್ಲದ ಕೈಸಾಲಕ್ಕೆ ಇಡಿ. ಯಾರಿಗೆ ಎಷ್ಟು ಎಂಬುದನ್ನು ಹೆಂಗಸರ ಕೂಟವೇ ತೀರ್ಮಾನಿಸಲಿ, ಯಾರ ಮನೆಯ ಒಲೆ ಹೊತ್ತಿಲ್ಲ ಎಂಬುದು ಅವರಿಗೇ ಗೊತ್ತು. ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದಿರಲಿ, ಸಾಲ ಪಡೆದವರ ಹೆಸರಿನ ಹಾಳೆ ಮಾತ್ರ ಆ ಕೂಟದಲ್ಲೇ ಉಳಿಯಲಿ. ಪ್ರಕಟಣೆಯಲ್ಲಿ ಅದನ್ನು ಓದಬೇಡಿ. ತೀರಿಸಿದ ದಿನ ಆಕೆಯೇ ಎದ್ದು ಸ್ತೋತ್ರ ಕಾಣಿಕೆ ಕೊಟ್ಟು ಹೇಳಿಕೊಂಡರೆ, ಆಗ ಎಲ್ಲರೂ ಗಟ್ಟಿಯಾಗಿ ಸ್ತೋತ್ರ ಅನ್ನಲಿ.